ಭುಜದ ಮೇಲಿನ ಬೆರಳುಗಳು

ನನ್ನ ಎಡ ಭುಜದ ಮೇಲೆ ನಾಲ್ಕು ಬೆರಳುಗಳಿವೆ, ಅವು ನನ್ನವಲ್ಲ. ಗಾಬರಿಯಾಗಬೇಡಿ, ಇದು ದೆವ್ವದ ಕಥೆಯಲ್ಲ. ಉದ್ಯೋಗಸ್ಥರೆಲ್ಲ ತಮ್ಮ ವಿದ್ಯೆ, ಅನುಭವ, ಬಿರುದುಗಳನ್ನು ಬಳೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟ ಹಾಗೆ ಜೋಡಿಸಿಡುವ ಜಾಲತಾಣವೊಂದಿದೆಯಲ್ಲ, ಅದರಲ್ಲಿರುವ ನನ್ನ ಪುಟದ ಮೇಲ್ತುದಿಯ ದುಂಡು ಚಿತ್ರದ ವಿಷಯ ಹೇಳುತ್ತಿದ್ದೇನೆ. ಸುಮ್ಮನೆ ನೋಡಿದರೆ ಆ ಬೆರಳುಗಳು ಕುರ್ತಾದ ಮೇಲಿನ ಕಸೂತಿಯ ಹಾಗೆ ಕಾಣುತ್ತವೆ. ಹಿಗ್ಗಿಸಿ ನೋಡಿದರೆ ಮಾತ್ರ ಉಗುರು, ಗೆಣ್ಣು, ಒಂದು ಬೆರಳಿನಲ್ಲಿರುವ ಹವಳದ ಉಂಗುರ, ಎಲ್ಲವೂ ಸ್ಪಷ್ಟ.

ಆದದ್ದಿಷ್ಟು. ಕೆಲಸಕ್ಕೆ ಅರ್ಜಿ ಹಾಕುವ ಕಾಲಕ್ಕೆ ನನ್ನೊಬ್ಬಳದೇ ಎನ್ನುವಂಥ ಚಿತ್ರ ನನ್ನ ಹತ್ತಿರ ಒಂದೂ ಇರಲಿಲ್ಲ. ಕ್ಯಾಮೆರಾ ಕಂಡರೆ ಕಂಬದ ಹಿಂದೆ ಸರಿಯುವ ಸ್ವಭಾವದವಳಿಗೆ ಇರುವುದೆಲ್ಲ ಯಾರೋ ಎಳೆದು ನಿಲ್ಲಿಸಿದ ಗುಂಪಿನ ಚಿತ್ರಗಳು. ಹಾಗಾಗಿ ಒಂದು ವರಮಹಾಲಕ್ಷ್ಮಿ ಹಬ್ಬದ ಚಿತ್ರವನ್ನು ತೆಗೆದುಕೊಂಡು, ಹಿಂದಿನ ಕಲಶ, ಮುಂದಿನ ಕೋಸಂಬರಿ, ಬಲಕ್ಕಿದ್ದ ಇಬ್ಬರು ಆಂಟಿಯರು, ಎಡಕ್ಕೆ ನನ್ನ ಭುಜದ ಮೇಲೆ ಕೈಯಿಟ್ಟು ನಿಂತಿದ್ದ ನನ್ನ ಸೋದರತ್ತೆ, ಎಲ್ಲರನ್ನೂ ಕತ್ತರಿಸಿ, ವೃತ್ತಿಗೆ ಒಪ್ಪುವಷ್ಟು ನನ್ನನ್ನು ಉಳಿಸಿಕೊಂಡೆ. ಅತ್ತೆಯ ಬೆರಳುಗಳನ್ನು ಮಾತ್ರ ಕತ್ತರಿಸಲಾಗಲಿಲ್ಲ. ಅವನ್ನು ತೆಗೆದರೆ ನನ್ನ ಭುಜವೂ ಹೋಗುತ್ತಿತ್ತು. ಬೇಡದ್ದನ್ನು ಅಳಿಸಿಕೊಡುವ ತಂತ್ರಾಂಶವೊಂದಕ್ಕೆ ಹೇಳಿ ನೋಡಿದೆ. ಅದು ಬೆರಳುಗಳ ಜೊತೆಗೆ ಭುಜದ ಒಂದು ತುಂಡನ್ನೂ ತೆಗೆದು, ನನ್ನನ್ನು ಅಳಿಲು ಕಚ್ಚಿದ ಸೀಬೆಹಣ್ಣಿನಂತೆ ಮಾಡಿ ಕೊಟ್ಟಿತು. ಇರಲಿ, ಯಾರು ನೋಡುತ್ತಾರೆ ಎಂದುಕೊಂಡೆ. ಸಹೋದ್ಯೋಗಿಯೊಬ್ಬಳು ನೋಡಿ, ಆ ಕೈ ಯಾರದೆಂದು ಕೇಳಿಯೂ ಕೇಳಿದಳು. ಯಾರೋ ಬಂಧುಗಳದು ಎಂದು ಹೇಳಿ ಮಾತು ಬದಲಿಸಿದ್ದೆ.

ಮನೆ ಮತ್ತು ಕಚೇರಿಯ ನಡುವೆ ಒಂದು ಬಾಗಿಲಿರಬೇಕು, ಅದಕ್ಕೆ ಒಳಗಿನಿಂದ ಅಗಳಿಯಿರಬೇಕು ಎಂಬುದು ನನ್ನ ನಂಬಿಕೆ. ಇದು ಬಹುಶಃ ಅಪ್ಪನಿಂದ ಬಂದದ್ದು. ಮೈಸೂರಿನ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದ ಅಪ್ಪ, ಮನೆಗೆ ಕಚೇರಿಯಿಂದ ಫೋನು ಬಂದರೆ, ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, ಒಳಗೆ ಹೋಗಿ, ಬನಿಯನ್ನಿನ ಮೇಲೊಂದು ಅಂಗಿ ತೊಟ್ಟು, ಗುಂಡಿಗಳನ್ನೆಲ್ಲ ಹಾಕಿಕೊಂಡು ಬಂದು ಆಮೇಲೆ ಹಲೋ ಎನ್ನುತ್ತಿದ್ದರು. ಅತ್ತ ಕಡೆಯವರಿಗೆ ಕಾಣುವುದಿಲ್ಲವಲ್ಲ ಎಂದು ನಾನು ನಗುತ್ತಿದ್ದೆ. "ನಂಗೆ ಕಾಣುತ್ತಲ್ಲಮ್ಮ" ಎನ್ನುತ್ತಿದ್ದರು. ಈಗ ಟೆಕ್ಸಸ್ಸಿನ ಆಸ್ಟಿನ್ ಊರಿನ ನನ್ನ ಒಂಟಿ ಕೋಣೆಯ ಮನೆಯಲ್ಲಿ ಕುಳಿತು, ಮೇಲೆ ಇಸ್ತ್ರಿಯ ಅಂಗಿ, ಕೆಳಗೆ ಹೂವಿನ ಚಿತ್ರದ ಪೈಜಾಮ ತೊಟ್ಟು ವಿಡಿಯೋ ಸಭೆ ನಡೆಸುವಾಗಲೆಲ್ಲ ಅಪ್ಪನ ಆ ಮಾತು ಸೊಂಟದಿಂದ ಕೆಳಗೆ ಚುಚ್ಚುತ್ತದೆ.

ಆ ಜಾಲತಾಣದಲ್ಲಾದರೋ ಬಾಗಿಲೂ ಇಲ್ಲ, ಅಗಳಿಯೂ ಇಲ್ಲ. ಮಗಳ ಮೊದಲ ಹಲ್ಲು ಬಿದ್ದದ್ದರಿಂದ ತಾನು ಕಲಿತ ನಾಯಕತ್ವದ ಪಾಠಗಳನ್ನು ಒಬ್ಬರು ಬರೆಯುತ್ತಾರೆ. ಹೊಸಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪಂಚೆಯುಟ್ಟು ಕುಳಿತವರು, ಸಪಾದ ಭಕ್ಷ್ಯದ ಪಕ್ಕದಲ್ಲೇ ತಮ್ಮ ಕಂಪನಿಯಲ್ಲಿ ಖಾಲಿಯಿರುವ ಹುದ್ದೆಗಳ ವಿವರ ಕೊಡುತ್ತಾರೆ. ಡ್ಯಾಲಸ್ ಹತ್ತಿರದ ಸೌತ್‌ಲೇಕಿನ ಒಂದು ನಾಮಕರಣಕ್ಕೆ ಹೋಗಿದ್ದಾಗ, ತೊಟ್ಟಿಲ ಹಗ್ಗ ಹಿಡಿದಿದ್ದ ಅಂಕಲ್ ಒಬ್ಬರು ಇನ್ನೊಂದು ಕೈಯಿಂದ ಫೋನು ತೆಗೆದು ನನ್ನನ್ನು ತಮ್ಮ ಸಂಪರ್ಕಕ್ಕೆ ಸೇರಿಸಿಕೊಂಡರು. ಮಗುವಿಗೆ ಹೆಸರಿಡುವ ಮೊದಲೇ ನಮ್ಮಿಬ್ಬರ ವೃತ್ತಿಬಾಂಧವ್ಯ ಸ್ಥಾಪಿತವಾಗಿತ್ತು. ಇದನ್ನೆಲ್ಲ ನಾನು ಅಂಚಿನಲ್ಲಿ ನಿಂತು, ಮೂಗಿಗೆ ಕರವಸ್ತ್ರ ಹಿಡಿದವಳಂತೆ ನೋಡುತ್ತಿದ್ದೆ. ಆ ಕರವಸ್ತ್ರದ ಬಗ್ಗೆಯೇ ಈಗ ಬರೆಯಬೇಕಾಗಿದೆ.

ಸೋದರತ್ತೆಯನ್ನು ಸರಿಯಾಗಿ ಪರಿಚಯಿಸುತ್ತೇನೆ. ಚಿತ್ರದಿಂದ ಕತ್ತರಿಸಿದಂತೆ ಇಲ್ಲಿಂದಲೂ ಕತ್ತರಿಸುವುದು ಬೇಡ. ವಾಸಂತಿ ಅತ್ತೆ ಅಪ್ಪನ ತಂಗಿ. ಮದುವೆಯಾಗಿ ಬಂದದ್ದು ಧಾರವಾಡದ ಮಾವನ ಜೊತೆ. ಡ್ಯಾಲಸ್ಸಿನ ಆಚೆ ಮರ್ಫಿಯಲ್ಲಿ ಮನೆ. ವೀಸಾದ ದೆಸೆಯಿಂದ ಅನೇಕ ವರ್ಷ ಕೆಲಸ ಮಾಡುವಂತಿರಲಿಲ್ಲ. ಮಾಡಬಹುದು ಎಂದಾಗುವ ಹೊತ್ತಿಗೆ ಯಾರೂ ಕರೆಯುವಂತಿರಲಿಲ್ಲ. ಭಾನುವಾರ ಹತ್ತಾರು ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಅತ್ತೆ 'ಅ ಆ' ಎಂದರೆ ಮಕ್ಕಳು ಇಂಗ್ಲಿಷಿನಲ್ಲಿ ಹಸಿವಾಗುತ್ತಿದೆ ಎನ್ನುತ್ತವೆ. ಇಲ್ಲಿ ಎಂಎಸ್ ಮಾಡುವಾಗ ಅಷ್ಟೂ ಕಾಲ ನಾನಿದ್ದದ್ದು ಅವರ ಮನೆಯ ಮೇಲಿನ ಕೋಣೆಯಲ್ಲಿ. ಪರೀಕ್ಷೆಯ ದಿನಗಳಲ್ಲಿ ಬಾಗಿಲು ತಟ್ಟದೆ, ಹೊರಗೆ ಮೆಟ್ಟಿಲ ಮೇಲೆ ಕಾಫಿ ಇಟ್ಟು ಹೋಗುತ್ತಿದ್ದರು. ನನ್ನ ಅಗಳಿಯನ್ನು ಅಷ್ಟು ಗೌರವಿಸಿದವರು ಇನ್ನೊಬ್ಬರಿಲ್ಲ.

ಈ ವರ್ಷ ಅತ್ತೆಯೂ ಆ ಜಾಲತಾಣ ಸೇರಿದರು. ಹೆಸರಿನ ಕೆಳಗೆ 'ಕನ್ನಡ ಶಿಕ್ಷಕಿ ಮತ್ತು ಗೃಹಿಣಿ' ಎಂದು ಹಾಕಿಕೊಂಡು ನನಗೊಂದು ಕೋರಿಕೆ ಕಳಿಸಿದರು. ಕೋರಿಕೆಯ ಕೆಳಗೆ ಎರಡೇ ಗುಂಡಿಗಳು, ಒಪ್ಪಿಕೋ, ಕಡೆಗಣಿಸು. 'ಬಂದೆ, ಒಂದು ನಿಮಿಷ ಕೂತಿರಿ' ಎಂಬ ಮೂರನೆಯ ಗುಂಡಿಯನ್ನು ಜಾಲತಾಣ ಕಟ್ಟಿದವರು ಇಟ್ಟಿಲ್ಲ. ನಾನು ಎರಡನ್ನೂ ಒತ್ತದೆ ಬಿಟ್ಟೆ. ಯಾಕೆಂದು ಅತ್ತೆ ಕೇಳಲಿಲ್ಲ. ಕೋರಿಕೆ ಒಪ್ಪದಿದ್ದರೂ ಪುಟವನ್ನು ನೋಡಬಹುದಾದ್ದರಿಂದ, ದಿನಾ ಬೆಳಿಗ್ಗೆ ಪಂಚಾಂಗ ನೋಡಿದ ಹಾಗೆ, ಅಂದಿನಂತೆ ಬಾಗಿಲು ತಟ್ಟದೆ ಮೆಟ್ಟಿಲ ಮೇಲಿನಿಂದಲೇ ನನ್ನ ಪುಟ ನೋಡುತ್ತಿದ್ದರು.

ಹೀಗಿರುವಾಗ ಹ್ಯೂಸ್ಟನ್ನಿನ ಸೈಪ್ರೆಸ್‌ನಿಂದ ಒಂದು ಸಂಬಂಧ ಬಂತು. ಮೂಲ ಉಡುಪಿಯವರು, ತಾಯಿ ದಂತವೈದ್ಯೆ. ಜಾತಕ, ಫೋಟೋ ಕೇಳಿದ್ದಕ್ಕೆ ಅತ್ತೆ ನನ್ನ ಉದ್ಯೋಗದ ಪುಟದ ಕೊಂಡಿ ಕಳಿಸಿದ್ದರು.

"ಅದ್ರಲ್ಲಿ ಎಲ್ಲಾ ಇದೆಯಲ್ಲೇ ಪುಟ್ಟಿ. ಓದಿದ್ದು, ಕೆಲಸ, ಫೋಟೋ. ಬಯೋಡೇಟಾ ಅಂತ ಬೇರೆ ಯಾಕೆ ಟೈಪ್ ಮಾಡ್ಬೇಕು?"

ಯಾರು ನಿಮ್ಮ ಪುಟ ನೋಡಿದರೆಂದು ಹೇಳುವ ಚಾಳಿ ಆ ಜಾಲತಾಣಕ್ಕಿದೆ. ಮೊದಲು ದಂತವೈದ್ಯೆ ಬಂದು ನೋಡಿದರು, ಆಮೇಲೆ ಅವರ ಯಜಮಾನರು, ಆಮೇಲೆ ಹಿರಿಯ ಸೊಸೆ. ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಹಿಡಿದು ಬರುವ ಅವಕಾಶವನ್ನೂ ಕೊಡದೆ ನನ್ನ ಹೆಣ್ಣು ನೋಡುವ ಶಾಸ್ತ್ರ ಮುಗಿದುಹೋಗಿತ್ತು. ಹುಡುಗ ಮಾತ್ರ ನೋಡಿರಲಿಲ್ಲ. ಅಥವಾ ನೋಡಿದ್ದು ತಿಳಿಯದಂತೆ ನೋಡುವ ಉಪಾಯ ಬಲ್ಲವನಿದ್ದ. ಆತನೂ ನನ್ನಂಥವನೇ ಇರಬಹುದೆಂದು ಒಂದು ಕ್ಷಣ ಇಷ್ಟವಾದ.

ಅದೇ ವಾರ ನನ್ನ ಮ್ಯಾನೇಜರ್ ಲಿಂಡಾ, ಹ್ಯೂಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಗೆ ನಾವು ಮಾಡಿಕೊಡಲಿರುವ ತಂತ್ರಾಂಶದ ಕೆಲಸಕ್ಕೆ ನನ್ನನ್ನು ಮುಖ್ಯಸ್ಥೆಯನ್ನಾಗಿ ಮಾಡಿರುವುದಾಗಿ ಆ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಳು. ನಾನು ಕಾಯುತ್ತಿದ್ದ ಕೆಲಸವದು. ನನಗಿಂತ ಹಿರಿಯರಾದ ವೈದ್ಯರ ಸಮಿತಿಯ ಮುಂದೆ ನಿಂತು, ಇವಳ ಮಾತು ಕೇಳಬೇಕು ಎಂದು ಅವರಿಗೆ ಅನ್ನಿಸುವಂತೆ ಮಾಡಬೇಕಿತ್ತು. ಅಭಿನಂದನೆಗಳು ಬಂದವು, ಹೆಬ್ಬೆರಳು, ಚಪ್ಪಾಳೆ, ಪಟಾಕಿ. ಅವುಗಳ ನಡುವೆ, ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸಿದಂತೆ ಅಗಲವಾಗಿ, ವಾಸಂತಿ ಅತ್ತೆಯ ಇಂಗ್ಲಿಷ್ ಬರಹ ಬಂದು ಕುಳಿತಿತು.

ಅದರ ಸಾರ ಹೀಗಿತ್ತು. ನಾನು ಈ ಮಗುವಿನ ಸೋದರತ್ತೆ. ಓದುವಾಗ ನಮ್ಮ ಮನೆಯಲ್ಲಿಯೇ ಇದ್ದಳು. ಉಂಡ ತಟ್ಟೆಯನ್ನು ತೊಳೆಯದೆ ಒಂದು ದಿನವೂ ಎದ್ದು ಹೋದವಳಲ್ಲ. ಮಾತು ಕಡಿಮೆ, ಆದರೆ ಸುಳ್ಳು ಹೇಳುವುದಿಲ್ಲ. ನನ್ನ ಯಜಮಾನರಿಗೆ ಮಂಡಿ ಆಪರೇಷನ್ ಆದಾಗ ಡಾಕ್ಟರ ವರದಿಗಳನ್ನೆಲ್ಲ ಓದಿ ನಮಗೆ ಅರ್ಥ ಮಾಡಿಸಿದವಳು ಇವಳೇ. ಒಳ್ಳೆಯ ಮನೆತನ. ಈಗಲೂ ಸಸ್ಯಾಹಾರಿ. ಸಾರು ಚೆನ್ನಾಗಿ ಮಾಡುತ್ತಾಳೆ, ಬೆಲ್ಲ ಸ್ವಲ್ಪ ಜಾಸ್ತಿ. ಇವಳು ಯಾರ ಪಾಲಿಗೆ ಬರುತ್ತಾಳೋ ಅವರು ಪುಣ್ಯವಂತರು.

ಬರೆದದ್ದು ಸೈಪ್ರೆಸ್ಸಿನವರು ಓದಲಿ ಎಂದು. ಓದಿದವರಲ್ಲಿ ಆಸ್ಪತ್ರೆಯವರೂ ಇದ್ದರು. ಸಮಿತಿಯ ಹಿರಿಯ ವೈದ್ಯರೊಬ್ಬರು ಅದರ ಕೆಳಗೆ, ಹಾಗಾದರೆ ಪುಣ್ಯವಂತರು ನಾವೇ ಎಂದು ಉತ್ತರ ಬರೆದಿದ್ದರು. ಲಿಂಡಾ ಅದಕ್ಕೊಂದು ಕೆಂಪು ಹೃದಯ ಒತ್ತಿದ್ದಳು.

ನೀವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಿರೇನೋ. ನನಗೆ ಮಾತ್ರ ಕಚೇರಿಯ ಪಡಸಾಲೆಯ ನಡುವೆ ಪೈಜಾಮದಲ್ಲಿ ನಿಂತ ಹಾಗಾಯಿತು. ಬೆಲ್ಲ ಜಾಸ್ತಿ ಹಾಕುವವಳ ಮಾತನ್ನು ಯಾವ ಸಮಿತಿ ಕೇಳುತ್ತದೆ? ಅಳಿಸೋಣವೆಂದರೆ ಅದು ನನ್ನ ಗೋಡೆಯಲ್ಲ, ಲಿಂಡಾಳದು. ಅಳಿಸಬಲ್ಲವರು ಅವಳು, ಇಲ್ಲವೇ ಅತ್ತೆ. ಅತ್ತೆಗೆ ಫೋನು ಮಾಡಿದೆ. ನಿಜ ಹೇಳುವುದಾದರೆ ಒಂದೇ ವಾಕ್ಯ ಸಾಕಿತ್ತು. ಅದರ ಬದಲು ನಾನು ಹೇಳಿದ್ದು:

"ಅತ್ತೆ, ಆಫೀಸಲ್ಲಿ ಸ್ವಲ್ಪ ಪ್ರಾಬ್ಲಂ ಆಗಿದೆ. ಅಲ್ಲಿ ಪರ್ಸನಲ್ ವಿಷಯ ಬರೀಬಾರ್ದಂತೆ. ನಮ್ಮ ಮ್ಯಾನೇಜರ್‌ಗೆ ಬೇಜಾರಾಗಿದೆ."

ಅತ್ತ ಕಡೆ ಪಾತ್ರೆಯ ಸದ್ದು ನಿಂತಿತು. "ನಿನ್ ಕೆಲಸಕ್ಕೇನೂ ತೊಂದ್ರೆ ಇಲ್ಲ ತಾನೇ?"

"ತೆಗೆದುಬಿಟ್ರೆ ಇಲ್ಲ."

"ಈಗ್ಲೇ ತೆಗಿತೀನಿ ಇರು. ಎಲ್ಲಿ ಒತ್ತೋದು ಹೇಳು."

ಹೇಳಿದೆ. ಕಾಫಿಗೆ ಹಾಲು ಕಾಯುವಷ್ಟರಲ್ಲಿ ಅತ್ತೆಯ ಮಾತುಗಳು ಹೋದವು. ಅವುಗಳ ಜೊತೆಗೆ ಹಿರಿಯ ವೈದ್ಯರ ಉತ್ತರವೂ ಹೋಯಿತು. ಗೋಡೆ ಸ್ವಚ್ಛವಾಯಿತು. ಸೈಪ್ರೆಸ್ಸಿನ ಆಂಟಿ ಮಾತ್ರ ಅತ್ತೆಗೆ ಫೋನು ಮಾಡಿ, ಅಷ್ಟು ಚೆನ್ನಾಗಿ ಬರೆದದ್ದನ್ನು ಯಾಕೆ ತೆಗೆದಿರಿ, ಏನಾದರೂ ವಿಷಯ ಇದೆಯಾ ಎಂದು ಕೇಳಿದರಂತೆ.

ಸೋಮವಾರ ಲಿಂಡಾ ತನ್ನ ಕೋಣೆಗೆ ಕರೆದಳು. ಬೂದುಗೂದಲಿನ, ಬೂಟುಗಾಲಿನ, ಅಪ್ಪಟ ಟೆಕ್ಸಸ್ ಹೆಂಗಸು. ಕೆಟ್ಟ ಸುದ್ದಿಯನ್ನೂ ಸಿಹಿ ಚಹಾ ಕೊಡುವಂತೆ ನಿಧಾನವಾಗಿ ಕೊಡುತ್ತಾಳೆ. ಫೋನನ್ನು ನನ್ನ ಕಡೆ ತಿರುಗಿಸಿದಳು. ಅತ್ತೆ ಅವಳಿಗೆ ಖಾಸಗಿಯಾಗಿ ಪತ್ರ ಬರೆದಿದ್ದರು. ಮೇಡಂ, ಅದನ್ನು ತಿಳಿಯದೆ ಬರೆದೆ. ನಾನು ವಯಸ್ಸಿನಲ್ಲಿ ದೊಡ್ಡವಳಾದರೂ ಈ ಜಾಗಕ್ಕೆ ಹೊಸಬಳು. ಮಗುವಿನದು ಇದರಲ್ಲಿ ಏನೂ ತಪ್ಪಿಲ್ಲ. ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳದೆ ಅವಳನ್ನು ಹ್ಯೂಸ್ಟನ್ನಿಗೆ ಕಳಿಸಿಕೊಡಿ. ನೀವು ಡ್ಯಾಲಸ್ ಕಡೆ ಬಂದರೆ ನಮ್ಮ ಮನೆಗೆ ಊಟಕ್ಕೆ ಬರಬೇಕು.

"ಇವರು ನನ್ನ ಕ್ಷಮೆ ಯಾಕೆ ಕೇಳುತ್ತಿದ್ದಾರೆ?" ಎಂದಳು ಲಿಂಡಾ. "ನಾನು ಇವರಿಗೆ ಏನು ಮಾಡಿದೆ?"

ನಾನು ನೆಲದ ಹಾಸನ್ನು ನೋಡಿದೆ. ಅದು ಬೂದು ಬಣ್ಣದ್ದೆಂದು ಅಂದೇ ಗಮನಿಸಿದ್ದು. ಹೇಗೋ ಎರಡು ಮಾತಿನಲ್ಲಿ ನಡೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ.

"ಸಾಮಾನ್ಯವಾಗಿ ಮನೆಯವರ ಮುಂದೆ ನನ್ನನ್ನು ಕೆಟ್ಟವಳನ್ನಾಗಿ ಮಾಡುವವರು ಮೊದಲು ನನಗೊಂದು ಮಾತು ಹೇಳಿರುತ್ತಾರೆ" ಎಂದಳು, ನಗುತ್ತಲೇ. "ನಾನಿನ್ನೂ ಉತ್ತರ ಬರೆದಿಲ್ಲ. ಏನು ಬರೆಯಲಿ? ಪರವಾಗಿಲ್ಲ, ಕ್ಷಮಿಸಿದೆ ಎಂದು ಬರೆದರೆ ಎಲ್ಲ ಮುಗಿಯುತ್ತದೆ. ನಿನ್ನಿಷ್ಟ."

ಅದೇ ಸುಲಭದ ದಾರಿಯಾಗಿತ್ತು, ಅದನ್ನೇ ಹಿಡಿಯುವ ಮನಸ್ಸೂ ಬಂದಿತ್ತು. ಆದರೆ ಮಾಡದ ತಪ್ಪಿಗೆ, ಬೇಸರವೇ ಆಗದವಳಿಂದ, ಅತ್ತೆಗೆ ಕ್ಷಮೆ ಕೊಡಿಸುವುದೆಂದರೆ ಎಂಜಲು ತಟ್ಟೆಯನ್ನು ತೊಳೆಯದೆ ಎದ್ದ ಹಾಗೆ. ನಾನೇ ಹೋಗಿ ಹೇಳುತ್ತೇನೆ ಎಂದೆ.

ಶನಿವಾರ ಡ್ರೈವ್ ಮಾಡಿಕೊಂಡು ಹೊರಟೆ. ಆಸ್ಟಿನ್ನಿನಿಂದ ಡ್ಯಾಲಸ್ಸಿಗೆ ಹೋಗುವ ಹೆದ್ದಾರಿಯಲ್ಲಿ ಯೋಚಿಸಲು ಬೇಕಾದಷ್ಟು ಸಮಯವಿರುತ್ತದೆ; ಎಲ್ಲಾದರೊಂದು ಕಡೆ ರಸ್ತೆ ಅಗೆದೇ ಇರುತ್ತಾರೆ. ಎಲ್ಲರೂ ನಿಲ್ಲಿಸುವ ದೊಡ್ಡ ಪೆಟ್ರೋಲ್ ಬಂಕಿನಲ್ಲಿ ನಾನೂ ನಿಲ್ಲಿಸಿ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಜೋಡಿಸಿಕೊಂಡೆ. ಯಾವ ಕಡೆಯಿಂದ ಜೋಡಿಸಿದರೂ ಅದು ಕುರೂಪವಾಗಿಯೇ ಉಳಿಯಿತು. ಮನೆ ಬೇರೆ, ಕಚೇರಿ ಬೇರೆ ಎಂದು ಇಷ್ಟು ವರ್ಷ ಗೆರೆ ಕಾದವಳು, ಅಗತ್ಯ ಬಿದ್ದ ದಿನ ಕಚೇರಿಯನ್ನೇ ಗೂರ್ಖನಂತೆ ಗೇಟಿನಲ್ಲಿ ನಿಲ್ಲಿಸಿ ಮನೆಯವರನ್ನು ಹೊರಗೆ ಕಳಿಸಿದ್ದೆ. ಗೆರೆಯನ್ನು ಅಳಿಸಿದ್ದು ಅತ್ತೆಯಲ್ಲ. ಅವರು ಅದನ್ನು ಕಾಣದೆ ದಾಟಿದ್ದರು. ನಾನು ಕಂಡೂ ಕಂಡೂ ಅಳಿಸಿದ್ದೆ.

ಬಾಗಿಲು ತೆರೆದದ್ದು ಮಾವ. "ಬಾರವ್ವಾ. ನಿಮ್ಮತ್ತಿ ಹಿತ್ತಲದಾಗ ಹೋಮ ನಡಸ್ಯಾಳ."

ಹೋಮವೆಂದರೆ ಸಾರಿನ ಪುಡಿಗೆ ಹುರಿಯುವುದು. ಒಳಗೆ ಹುರಿದರೆ ಹೊಗೆಯ ಗಂಟೆ ಬಡಿದುಕೊಳ್ಳುತ್ತದೆ. ಹಾಗಾಗಿ ಅತ್ತೆ ಹಿತ್ತಲಿನಲ್ಲಿ ಪುಟ್ಟ ಗ್ಯಾಸ್ ಒಲೆ ಇಟ್ಟುಕೊಂಡು, ಬ್ಯಾಡಗಿ ಮೆಣಸಿನಕಾಯಿಯ ಮುಂದೆ ಮುಖಕ್ಕೆ ದುಪಟ್ಟಾ ಸುತ್ತಿ ಕುಳಿತಿರುತ್ತಾರೆ. ಮಾವ ನನ್ನ ಹಿಂದೆಯೇ ಬಂದರು. "ಎಂಥಾ ಬರದಿದ್ಲು ಅಂತೀ ನಿನ್ನ ಬಗ್ಗೆ. ಎರಡು ದಿವಸ ಕುಂತು ಬರದಾಳ. ನನ್ನ ಕೈಲೆ ಸ್ಪೆಲ್ಲಿಂಗ್ ತಿದ್ದಿಸ್ಯಾಳ. ನನ್ನ ಬಗ್ಗೆ ಇಷ್ಟು ವರ್ಷದಾಗ ಒಂದ್ ಸಾಲು ಬರದಾಳೇನು, ಕೇಳು."

"ನಿಮ್ಮ ಬಗ್ಗೆ ಬರೆಯೋಕೆ ಏನಿದೆ, ಮಂಡಿ ಬಿಟ್ರೆ" ಎಂದರು ಅತ್ತೆ, ಬಾಣಲೆಯಿಂದ ಕಣ್ಣು ತೆಗೆಯದೆ. ಮಾವ ನಗುತ್ತ ಒಳಗೆ ಹೋದರು.

ನಾನು ಹೇಳಿದೆ. ಮೆಣಸಿನಕಾಯಿಯ ಘಾಟಿಗೆ ಪ್ರತಿ ವಾಕ್ಯಕ್ಕೂ ಒಂದು ಕೆಮ್ಮು ಬಂದು, ಬಂಕಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಚೂರುಚೂರಾಗಿ ಹೊರಬಿತ್ತು. ಅತ್ತೆ ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ.

"ಆ ಲಿಂಡಾಗೆ ಬೇಜಾರೇ ಆಗಿರ್ಲಿಲ್ವಾ?"

"ಇಲ್ಲ ಅತ್ತೆ."

"ಮತ್ಯಾರಿಗೆ ಆಗಿದ್ದು?"

ಅತ್ತೆ ಒಲೆ ಆರಿಸಿ, ಮೆಣಸಿನಕಾಯಿಯನ್ನು ಮೊರಕ್ಕೆ ಸುರಿದು ಹರಡಿದರು. ಹರಡಿದ್ದನ್ನೇ ಮತ್ತೊಮ್ಮೆ ಹರಡಿದರು.

"ಗೊತ್ತಿಲ್ದಿರೋ ಹೆಂಗಸಿನ ಹತ್ರ ಮನ್ನಿಸಿ ಅಂತ ಬೇಡ್ಕೊಂಡ್ನಲ್ಲೇ. ನಿನ್ ಕೆಲಸ ಹೋಗ್ಬಿಡುತ್ತೇನೋ ಅಂತ ಮೂರು ಸಲ ಓದಿ ಕಳಿಸ್ದೆ." ಮೊರವನ್ನು ಪಕ್ಕಕ್ಕೆ ಸರಿಸಿದರು. "ನಂಗೇ ಹೇಳ್ಬಹುದಿತ್ತು. ಅತ್ತೆ, ನಂಗೆ ನಾಚಿಕೆ ಆಗುತ್ತೆ, ತೆಗೀರಿ ಅಂತ. ತೆಗೀತಿದ್ದೆ. ನಾಚಿಕೆ ಅಂದ್ರೇನು ಅಂತ ನಂಗೆ ಗೊತ್ತಿಲ್ವಾ?"

ಇವಳು ಸುಳ್ಳು ಹೇಳುವುದಿಲ್ಲ ಎಂದು ಸೈಪ್ರೆಸ್ಸಿನವರಿಗೆ ನನ್ನ ಪರವಾಗಿ ಮಾತು ಕೊಟ್ಟಿದ್ದವರು ಅವರು. ಅದನ್ನು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಒಳಗೆ ಬಂದು ಕೈ ತೊಳೆದವರೇ ಮಾವನ ಲ್ಯಾಪ್‌ಟಾಪ್ ನನ್ನ ಮುಂದಿಟ್ಟರು. "ಹೇಗೂ ಬಂದಿದೀಯ, ನಂದು ಆ ಅಕೌಂಟ್ ತೆಗೆದು ಹಾಕು. ನಂಗ್ಯಾಕೆ ಬೇಕಿತ್ತು ಅದು." ತೆರೆದರೆ ಅವರ ಪುಟ. ಅವರ ಸಂಪರ್ಕದಲ್ಲಿ ಯಾರೂ ಇರಲಿಲ್ಲ. ಕಳಿಸಿದ್ದ ಕೋರಿಕೆ ಒಂದೇ, ಅದರ ಮುಂದೆ ಇನ್ನೂ ಕಾಯುತ್ತಿದೆ ಎಂದು ಬರೆದಿತ್ತು. ಅದನ್ನು ಅವರಿಗೆ ಕಾಣದಂತೆ ಮರೆಮಾಡುವ ಅವಸರದಲ್ಲಿ ಎಲ್ಲೋ ಒತ್ತಿದೆ. ಪರದೆಯ ತುಂಬ ನನ್ನ ಮುಖವೇ ದೊಡ್ಡದಾಗಿ ತೆರೆದುಕೊಂಡಿತು.

ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿದರು. ಅಷ್ಟು ದಿನ ಫೋನಿನ ಪುಟ್ಟ ದುಂಡಿನಲ್ಲಿ ನೋಡಿದ್ದ ಚಿತ್ರ. ಪರದೆಯ ಮೇಲೆ ಬೆರಳಿಟ್ಟರು. ಹವಳದ ಉಂಗುರದ ಪಕ್ಕದಲ್ಲಿ ಹವಳದ ಉಂಗುರ.

"ಇದು ನನ್ನ ಕೈ ಅಲ್ವೇನೇ?"

"ಹೂಂ, ಅತ್ತೆ."

"ಮತ್ತೆ ನಾನೆಲ್ಲಿ?"

ತಮಾಷೆಗೆ ಕೇಳಿದ್ದಲ್ಲ, ಚುಚ್ಚುವುದಕ್ಕೂ ಅಲ್ಲ. ಗುಂಪಿನ ಚಿತ್ರದಲ್ಲಿ ಎಲ್ಲರೂ ಮೊದಲು ತಮ್ಮನ್ನು ಹುಡುಕಿಕೊಳ್ಳುತ್ತಾರಲ್ಲ, ಹಾಗೆ ಹುಡುಕಿದ್ದರು ಅಷ್ಟೆ. ಆ ಪ್ರಶ್ನೆಗೆ ನನ್ನ ಹತ್ತಿರ ಇದ್ದ ಉತ್ತರ ಎರಡೇ ಪದದ್ದು, ಕಟ್ ಮಾಡಿದೆ ಎಂದು. ಹೇಳಿದೆ. ಅತ್ತೆ "ಓ" ಎಂದರು. ಆಮೇಲೆ ಸಾರಿಗೆ ಬೇಳೆ ಬೇಯಲಿಟ್ಟರು. ಊಟದ ಹೊತ್ತಿಗೆ ಎಂದಿನಂತೆ ಬಡಿಸಿದರು, ತುಪ್ಪ ಕೊಂಚ ಹೆಚ್ಚೇ ಹಾಕಿದರು. ಅಂದು ನಾನು ತಟ್ಟೆಯನ್ನಷ್ಟೇ ಅಲ್ಲ, ಮನೆಯ ಪಾತ್ರೆಗಳನ್ನೆಲ್ಲ ತೊಳೆದೆ. ಅದರಿಂದ ತೊಳೆದುಹೋದದ್ದು ಪಾತ್ರೆಗಳ ಜಿಡ್ಡು ಮಾತ್ರ.

ಅಕೌಂಟನ್ನು ನಾನು ತೆಗೆಯಲಿಲ್ಲ. ನನ್ನ ಫೋನು ತೆಗೆದು ಅತ್ತೆಯೆದುರಿಗೇ ಆ ಕೋರಿಕೆಯನ್ನು ಒಪ್ಪಿಕೊಂಡೆ. "ಈಗ ಕಂಡಿತೇನು ನಿಂಗೆ" ಎಂದರು. ಹ್ಯೂಸ್ಟನ್ನಿಗೂ ಹೋಗಿ ಬಂದೆ. ಸಮಿತಿಯವರು ಮಾತು ಕೇಳಿದರು. ಕೊನೆಯಲ್ಲಿ ಆ ಹಿರಿಯ ವೈದ್ಯರು ನಿಮ್ಮ ಆಂಟಿ ಚೆನ್ನಾಗಿದ್ದಾರೆಯೇ, ಅವರ ಬರಹ ಕಾಣೆಯಾಯಿತಲ್ಲ ಎಂದು ವಿಚಾರಿಸಿದರು. ಚೆನ್ನಾಗಿದ್ದಾರೆ ಎಂದಷ್ಟೇ ಹೇಳಿ ನನ್ನ ಕಾಗದಗಳನ್ನು ಜೋಡಿಸಿಕೊಂಡೆ. ಸೈಪ್ರೆಸ್ಸಿನವರ ಸುದ್ದಿ ಮುಂದೆ ಬರಲಿಲ್ಲ. ಅದು ಆ ಅಳಿಸಿದ ಮಾತುಗಳಿಂದಲೋ ಅಲ್ಲವೋ ಎಂದು ಅತ್ತೆ ಇಂದಿಗೂ ಹೇಳಿಲ್ಲ.

ನನ್ನ ಪುಟದಲ್ಲಿ ಈಗಲೂ ಅದೇ ಚಿತ್ರವಿದೆ. ಮೂಲ ಚಿತ್ರವನ್ನು ತೆಗೆದು, ಚೌಕಟ್ಟನ್ನು ಅತ್ತೆಯ ಕಡೆಗೆ ಎಳೆಯುತ್ತ ಹೋದೆ. ಪೂರ್ತಿ ಎಳೆದು ಅತ್ತೆಯನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡೆ ಎಂದು ಬರೆದರೆ ಈ ಬರಹಕ್ಕೆ ಒಳ್ಳೆಯದಿತ್ತು. ನನ್ನಿಂದ ಆಗಲಿಲ್ಲ, ಒಂದು ಹಂತದಲ್ಲಿ ಬೆರಳು ತಾನಾಗಿಯೇ ನಿಂತಿತು. ಹಾಗಾಗಿ ಈಗ ನನ್ನ ಎಡ ಭುಜದ ಮೇಲೆ ಮಣಿಕಟ್ಟಿನವರೆಗೆ ಒಂದು ಕೈ ಇದೆ, ಹಸಿರು ಗಾಜಿನ ಬಳೆಗಳ ಸಮೇತ. ಕಸೂತಿಯೆಂದು ಯಾರೂ ಭ್ರಮಿಸುವಂತಿಲ್ಲ. ಅತ್ತೆಗೆ ಫೋನಿನಲ್ಲಿ ಕಳಿಸಿ ತೋರಿಸಿದೆ.

"ಇಷ್ಟೇನಾ?" ಎಂದರು.

"ಸದ್ಯಕ್ಕೆ ಇಷ್ಟು, ಅತ್ತೆ."

"ಬಳೆ ಚೆನ್ನಾಗಿ ಬಂದಿದೆ" ಎಂದರು.